ಬೂಸ್ಟರ್ ಹಾಕಿದರೂ ಚಾನೆಲ್ ಬರ್ತಿಲ್ವಾ? ಆಂಟೆನಾ ಪ್ರೀಆಂಪ್ ಕೂರಿಸುವ ಸರಿಯಾದ ಕ್ರಮ

"ಬೂಸ್ಟರ್ ತಂದು ಹಾಕಿದೆ, ಏನೂ ವ್ಯತ್ಯಾಸ ಆಗಲಿಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವರ ಕತೆ ಇನ್ನೂ ಕಷ್ಟದ್ದು: "ಮೊದಲು ಬರುತ್ತಿದ್ದ ಚಾನೆಲ್ಲೂ ಹೋದವು." ಎಲ್ಲಿ ಹಾಕಿದಿರಿ ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಟಿವಿಯ ಹಿಂದೆ!

ಅಲ್ಲೇ ಕೆಲಸ ಕೆಟ್ಟಿರುತ್ತದೆ. ಬೂಸ್ಟರ್, ಅಂದರೆ ಪ್ರೀಆಂಪ್, ಕೂರಬೇಕಾದ ಜಾಗ ಆಂಟೆನಾದ ಬುಡ. ಟಿವಿಯ ಹಿಂದೆ ಬರುವುದು ಅದಕ್ಕೆ ಕರೆಂಟ್ ಕೊಡುವ ಡಬ್ಬಿ ಮಾತ್ರ. ಜಾಗ ಸರಿಯಾದರೂ ಕ್ರಮ ತಪ್ಪಿದರೆ ಮತ್ತೆ ಅದೇ ಪಾಡು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೊದಲ ಎರಡು ಹಂತ ಮಾಡಿದ ಮೇಲೆ "ಪ್ರೀಆಂಪ್ ಬೇಡವೇ ಬೇಡ" ಅಂತ ಗೊತ್ತಾದರೂ ಆಶ್ಚರ್ಯವಿಲ್ಲ.

## ಶುರು ಮಾಡುವ ಮುಂಚೆ: ಪ್ರೀಆಂಪ್ ಮಾಡುವ ಕೆಲಸ ಯಾವುದು?

ಪ್ರೀಆಂಪ್ ಹೊಸ ಸಿಗ್ನಲ್ ಹುಟ್ಟಿಸುವುದಿಲ್ಲ. ಆಂಟೆನಾ ಹಿಡಿದದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಆಂಟೆನಾ ಸಿಗ್ನಲ್ ಜೊತೆ ಗದ್ದಲವನ್ನೂ (ನಾಯ್ಸ್) ಹಿಡಿದಿದ್ದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆ. ಜೊತೆಗೆ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ.

ಹಾಗಾದರೆ ಉಪಯೋಗವೇನು? ಆಂಟೆನಾದಿಂದ ಟಿವಿಗೆ ಬರುವ ಕೇಬಲ್‌ನಲ್ಲಿ ಸಿಗ್ನಲ್ ಸೋರುತ್ತಾ ಬರುತ್ತದೆ. ಸಿಗ್ನಲ್ಲನ್ನು ಹಲವು ಟಿವಿಗಳಿಗೆ ಹಂಚುವ ಸ್ಪ್ಲಿಟರ್ ಇದ್ದರೆ ಅಲ್ಲಿ ಇನ್ನಷ್ಟು ಹೋಗುತ್ತದೆ. ಕೊನೆಗೆ ಉಳಿದದ್ದು ಟಿವಿಯಲ್ಲಿ ಚಾನೆಲ್ ಹಿಡಿಯುವ ಭಾಗದ, ಅಂದರೆ ಟ್ಯೂನರ್‌ನ ಸ್ವಂತ ಗದ್ದಲದಲ್ಲಿ ಮುಳುಗುತ್ತದೆ. ಸೋರುವ ಮೊದಲೇ ಸಿಗ್ನಲ್ಲನ್ನು ಎತ್ತಿಬಿಟ್ಟರೆ, ದಾರಿಯಲ್ಲಿ ಎಷ್ಟು ಹೋದರೂ ಟ್ಯೂನರ್‌ನ ಗದ್ದಲಕ್ಕಿಂತ ಮೇಲೇ ಉಳಿಯುತ್ತದೆ. ಒಮ್ಮೆ ಮುಳುಗಿದ್ದನ್ನು ಆಮೇಲೆ ಎತ್ತಿದರೆ ಗದ್ದಲವೂ ಜೊತೆಗೇ ಏಳುತ್ತದೆ.

ಡಿಶ್ ತಟ್ಟೆಯ ಎದುರು ಒಂದು ಪುಟ್ಟ ಕೊಂಬಿನಂಥದ್ದು ಇರುತ್ತದಲ್ವಾ, ಎಲ್‌ಎನ್‌ಬಿ? ಅದರೊಳಗೂ ಒಂದು ಆಂಪ್ಲಿಫೈಯರ್ ಇದೆ. ಅದನ್ನು ತಟ್ಟೆಯ ಮುಂದೆಯೇ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಅಂದಹಾಗೆ, ಈ ಬರಹ ಡಿಶ್‌ಗೆ ಅಲ್ಲ. ನೆಲದ ಟವರ್‌ನಿಂದ ಬರುವ ಟಿವಿ ಮತ್ತು ರೇಡಿಯೋಗೆ ಮಾತ್ರ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಪ್ರೀಆಂಪ್ ಕೊನೆಗೆ ಕೊಂಡರಾಯಿತು. ಮೊದಲು ಬೇಕಾದದ್ದು ಇವು:

- 75 ಓಮ್‌ನ ಆರ್‌ಜಿ-6 ಕೋಆಕ್ಸಿಯಲ್ ಕೇಬಲ್. ಉದ್ದನೆಯದ್ದು ಒಂದು, ಪರೀಕ್ಷೆಗೆ 2 ಮೀಟರಿನ ತುಂಡು ಒಂದು
- ಒತ್ತಿ ಕೂರಿಸುವ ಎಫ್ ಕನೆಕ್ಟರ್‌ಗಳು, ಅವಕ್ಕೆ ಸರಿಹೊಂದುವ ಒತ್ತುವ ಉಪಕರಣ, ಕೇಬಲ್ ಸುಲಿಯುವ ಉಪಕರಣ
- ಸಾದಾ ಮಲ್ಟಿಮೀಟರ್
- ಚಿಕ್ಕ ಟಿವಿ, ಅಥವಾ ಸಿಗ್ನಲ್ ಗುಣಮಟ್ಟ ತೋರಿಸುವ ಯಾವುದಾದರೂ ಟ್ಯೂನರ್
- 6 ಮತ್ತು 10 ಡೆಸಿಬಲ್‌ನ ಅಟೆನ್ಯುಯೇಟರ್, ಅಂದರೆ ಸಿಗ್ನಲ್ಲನ್ನು ಬೇಕಂತಲೇ ತಗ್ಗಿಸುವ ಬೆರಳುದ್ದದ ಲೋಹದ ತುಂಡು
- ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು
- ಗ್ರೌಂಡಿಂಗ್ ಬ್ಲಾಕ್ ಮತ್ತು ದಪ್ಪ ತಾಮ್ರದ ತಂತಿ

ಅಟೆನ್ಯುಯೇಟರ್ ಯಾಕೆ ಅಂತ ನಗಬೇಡಿ. ಸಿಗ್ನಲ್ ಹೆಚ್ಚಿಸಲು ಹೊರಟವರಿಗೆ ತಗ್ಗಿಸುವ ಸಾಮಾನು ಯಾಕೆ ಅನ್ನಿಸುವುದು ಸಹಜ. ಹಂತ 8ಕ್ಕೆ ಬಂದಾಗ ಅದೇ ನಿಮ್ಮ ಕೈ ಹಿಡಿಯುತ್ತದೆ.

## ಹಂತ 1: ಆಂಟೆನಾದ ಬುಡದಲ್ಲೇ ಪರೀಕ್ಷೆ ಮಾಡಿ

ಮುಕ್ಕಾಲು ಪಾಲು ಜನ ಬಿಡುವ ಹಂತ ಇದು. ಚಿಕ್ಕ ಟಿವಿಯನ್ನು ಆಂಟೆನಾ ಇರುವಲ್ಲಿಗೇ ಒಯ್ಯಿರಿ. ಉದ್ದನೆಯ ಕೇಬಲ್ ಬಿಚ್ಚಿ, 2 ಮೀಟರಿನ ತುಂಡಿನಲ್ಲಿ ಆಂಟೆನಾಕ್ಕೆ ನೇರ ಜೋಡಿಸಿ. ಚಾನೆಲ್ ಹುಡುಕಿ.

ಇಲ್ಲಿ ಚಾನೆಲ್ ಚೆನ್ನಾಗಿ ಬಂದು ಕೆಳಗಿನ ಕೋಣೆಯಲ್ಲಿ ಬರದಿದ್ದರೆ, ಸಿಗ್ನಲ್ ಹೋಗುತ್ತಿರುವುದು ದಾರಿಯಲ್ಲಿ. ಕೇಬಲ್, ಕನೆಕ್ಟರ್‌ಗಳು ಗಟ್ಟಿಯಾಗಿದ್ದರೆ ಪ್ರೀಆಂಪ್ ಖಂಡಿತ ಸಹಾಯ ಮಾಡುತ್ತದೆ.

ಇಲ್ಲಿ ಚಾನೆಲ್ ಬಂದೂ ಬಾರದಂತೆ ಕಡಿದು ಕಡಿದು ಬರುತ್ತಿದ್ದರೆ ಒಳ್ಳೆಯ ಪ್ರೀಆಂಪ್ ಸ್ವಲ್ಪ ಎತ್ತಬಹುದು. ಯಾಕೆಂದರೆ ಸಾಮಾನ್ಯ ಟ್ಯೂನರ್‌ಗಿಂತ ಅದರ ಗದ್ದಲ ಕಡಿಮೆ. ಆದರೆ ಮೊದಲು ಹಂತ 2 ಮಾಡಿ.

ಇಲ್ಲಿ ಏನೂ ಬರದಿದ್ದರೆ ಪ್ರೀಆಂಪ್ ಆಸೆ ಸದ್ಯಕ್ಕೆ ಬಿಡಿ. ತೊಂದರೆ ಆಂಟೆನಾದಲ್ಲಿದೆ, ಇಲ್ಲವೇ ಅದರ ಜಾಗದಲ್ಲಿದೆ.

ಒಂದು ಎಚ್ಚರಿಕೆ. ಟಿವಿಯಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿ ಕಾಣಿಸುತ್ತವೆ: ಸಿಗ್ನಲ್ ಬಲ, ಸಿಗ್ನಲ್ ಗುಣಮಟ್ಟ. ನೋಡಬೇಕಾದ್ದು ಗುಣಮಟ್ಟ. ಬಲದ ಪಟ್ಟಿ ಗದ್ದಲವನ್ನೂ ಸೇರಿಸಿ ತೋರಿಸುತ್ತದೆ. ಯಾವ ಕಳಪೆ ಬೂಸ್ಟರ್ ಹಾಕಿದರೂ ಅದು ಏರುತ್ತದೆ, ನೋಡಿ ಖುಷಿಪಡಬಹುದು. ಚಿತ್ರ ಮಾತ್ರ ಬರುವುದಿಲ್ಲ.

## ಹಂತ 2: ಆಂಟೆನಾ ಮತ್ತು ಅದರ ಜಾಗ ಸರಿಮಾಡಿ

ಎತ್ತರ ಮೊದಲನೆಯದು. ಟಿವಿ ಮತ್ತು ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತವೆ. ಬಯಲಿನಲ್ಲಿ ಅವು ಎಷ್ಟು ದೂರ ತಲುಪುತ್ತವೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ: ಎತ್ತರದ (ಮೀಟರ್‌ನಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ನಿಮ್ಮ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 8 ಕಿಲೋಮೀಟರ್, 9 ಮೀಟರ್‌ಗೆ ಏರಿಸಿದರೆ 12. ಟವರ್ 100 ಮೀಟರ್ ಎತ್ತರ ಇದ್ದರೆ ಅದರ ಕಡೆಯಿಂದ 41. ಎರಡನ್ನೂ ಕೂಡಿಸಿ. ಮಧ್ಯೆ ಗುಡ್ಡ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಗುಡ್ಡದ ಮಾತೇ ಕೊನೆ.

ಎರಡನೆಯದು ದಿಕ್ಕು. ಸಾಲು ಕಡ್ಡಿಗಳ ಯಾಗಿ ಆಂಟೆನಾ ಆದರೆ ಗಿಡ್ಡ ಕಡ್ಡಿಗಳ ತುದಿ ಟವರ್ ಕಡೆ ಮುಖ ಮಾಡಬೇಕು. ಉಲ್ಟಾ ಕಟ್ಟಿದವರನ್ನು ನಾನೇ ನೋಡಿದ್ದೇನೆ. ಕಡ್ಡಿಗಳು ಅಡ್ಡ ಇರಬೇಕೋ ನೆಟ್ಟಗೆ ನಿಲ್ಲಬೇಕೋ ಅನ್ನುವುದು ಟವರ್‌ನ ಮೇಲೆ ಹೋಗುತ್ತದೆ. ಎರಡೂ ಥರ ಹಿಡಿದು ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೂರನೆಯದು, ಜಾಗ ಬದಲಿಸಿ ನೋಡುವುದು. 600 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಅರ್ಧ ಮೀಟರ್. ಅಕ್ಕಪಕ್ಕದ ಕಟ್ಟಡಕ್ಕೆ ಬಡಿದು ಬರುವ ಪ್ರತಿಫಲನ ನೇರ ಸಿಗ್ನಲ್ ಜೊತೆ ಸೇರಿ, ಒಂದು ಜಾಗದಲ್ಲಿ ಅದನ್ನು ಹೆಚ್ಚಿಸುತ್ತದೆ, ಎರಡು ಗೇಣು ಆಚೆ ಕೊಲ್ಲುತ್ತದೆ. ಆದ್ದರಿಂದ ಆಂಟೆನಾವನ್ನು ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಅರ್ಧರ್ಧ ಮೀಟರ್ ಸರಿಸಿ ಗುಣಮಟ್ಟ ಗಮನಿಸಿ. ಒಂದೊಂದು ಜಾಗದಲ್ಲೂ ಹತ್ತು ಸೆಕೆಂಡ್ ನಿಲ್ಲಿ. ಪಟ್ಟಿ ನಿಧಾನವಾಗಿ ಬದಲಾಗುತ್ತದೆ. ಅವಸರ ಮಾಡಿದರೆ ಒಳ್ಳೆಯ ಜಾಗ ದಾಟಿ ಹೋಗಿರುತ್ತೀರಿ.

ಪ್ರತಿಫಲನದ ತೊಂದರೆಗೆ ಪ್ರೀಆಂಪ್ ಮದ್ದಲ್ಲ. ಬಲ ಚೆನ್ನಾಗಿದೆ, ಗುಣಮಟ್ಟ ಮಾತ್ರ ಏರಿಳಿಯುತ್ತಿದೆ ಅಂದರೆ ಪ್ರತಿಫಲನದ ಮೇಲೆ ಅನುಮಾನ ಪಡಿ.

## ಹಂತ 3: ದಾರಿಯ ನಷ್ಟ ಲೆಕ್ಕ ಹಾಕಿ

ಎಷ್ಟು ಗೇನ್‌ನ (ಸಿಗ್ನಲ್ ಎತ್ತುವ ಪ್ರಮಾಣ) ಪ್ರೀಆಂಪ್ ಬೇಕು ಅನ್ನುವುದು ಈ ಲೆಕ್ಕದಿಂದಲೇ ಸಿಗುತ್ತದೆ. ಎಲ್ಲ ಡೆಸಿಬಲ್‌ನಲ್ಲಿ. 3 ಡೆಸಿಬಲ್ ಅಂದರೆ ಶಕ್ತಿ ಎರಡು ಪಟ್ಟು, 10 ಅಂದರೆ ಹತ್ತು ಪಟ್ಟು, 20 ಅಂದರೆ ನೂರು ಪಟ್ಟು. ನಷ್ಟವಾದರೂ ಲೆಕ್ಕ ಇದೇ, ದಿಕ್ಕು ಬೇರೆ.

30 ಮೀಟರ್ ಆರ್‌ಜಿ-6 ಕೇಬಲ್ 600 ಮೆಗಾಹರ್ಟ್ಸ್ ಸುಮಾರಿಗೆ ಐದೂವರೆ ಡೆಸಿಬಲ್ ತಿನ್ನುತ್ತದೆ. ಎಫ್‌ಎಂ ಬ್ಯಾಂಡಿನಲ್ಲಿ ಅದೇ ಕೇಬಲ್ ಎರಡು ಡೆಸಿಬಲ್ ಆಸುಪಾಸು ತಿನ್ನುತ್ತದೆ. ಎರಡು ದಾರಿಯ ಸ್ಪ್ಲಿಟರ್ 3.5, ನಾಲ್ಕು ದಾರಿಯದ್ದು 7. ಟಿವಿ ಟ್ಯೂನರ್‌ನ ಗದ್ದಲದ ಅಳತೆ, ಅಂದರೆ ನಾಯ್ಸ್ ಫಿಗರ್, 6 ಅಂತ ಇಟ್ಟುಕೊಳ್ಳೋಣ.

30 ಮೀಟರ್ ಕೇಬಲ್, ನಾಲ್ಕು ಟಿವಿ ಇರುವ ಕಟ್ಟಡ ಅಂದುಕೊಳ್ಳಿ. ಪ್ರೀಆಂಪ್ ಇಲ್ಲದೆ ಒಟ್ಟು ನಾಯ್ಸ್ ಫಿಗರ್ 5.5 + 7 + 6 = 18.5 ಡೆಸಿಬಲ್. ಈ ಅಂಕಿ ಕಡಿಮೆ ಆದಷ್ಟೂ ಒಳ್ಳೆಯದು.

ಈಗ 20 ಡೆಸಿಬಲ್ ಗೇನ್, 2 ಡೆಸಿಬಲ್ ನಾಯ್ಸ್ ಫಿಗರ್ ಇರುವ ಪ್ರೀಆಂಪನ್ನು ಆಂಟೆನಾದ ಬುಡದಲ್ಲಿ ಹಾಕಿ. ಒಟ್ಟು ಅಂಕಿ 3.6ಕ್ಕೆ ಇಳಿಯುತ್ತದೆ. ಹದಿನೈದು ಡೆಸಿಬಲ್ ಲಾಭ!

ಅದೇ ಪ್ರೀಆಂಪನ್ನು ಕೆಳಗೆ, ಕೇಬಲ್ ಮುಗಿದ ಮೇಲೆ ಸ್ಪ್ಲಿಟರ್‌ಗೆ ಮುಂಚೆ ಹಾಕಿದರೆ 8 ಬರುತ್ತದೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಮೇಲೆ ಹಾಕಿದ್ದಕ್ಕಿಂತ ನಾಲ್ಕೂಕಾಲು ಡೆಸಿಬಲ್‌ಗೂ ಹೆಚ್ಚು ಹಿಂದೆ. ಡಿಜಿಟಲ್ ಟಿವಿಯಲ್ಲಿ ಇಷ್ಟು ವ್ಯತ್ಯಾಸ ಅಂದರೆ ಚಿತ್ರ ಇದೆ, ಚಿತ್ರ ಇಲ್ಲ ಅನ್ನುವ ವ್ಯತ್ಯಾಸ. ಹಳೆಯ ಅನಲಾಗ್ ಟಿವಿಯಲ್ಲಿ ಚುಕ್ಕಿ ಚುಕ್ಕಿಯಾಗಿಯಾದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಗೆರೆ ದಾಟಿದರೆ ಪೂರ್ತಿ ಚಿತ್ರ, ದಾಟದಿದ್ದರೆ ಕಪ್ಪು ಪರದೆ. ಗೆರೆಯ ಮೇಲೇ ನಿಂತರೆ ಚೌಕ ಚೌಕವಾಗಿ ಒಡೆಯುತ್ತದೆ, ಸದ್ದು ತುಂಡು ತುಂಡಾಗುತ್ತದೆ.

ಟಿವಿಯ ಹಿಂದೆ ಹಾಕಿದರೆ? ಆಗ ಕೇಬಲ್ಲೂ ಸ್ಪ್ಲಿಟರ್ರೂ ಎರಡೂ ತಿಂದಾದ ಮೇಲೆ ಎತ್ತುತ್ತಿದ್ದೀರಿ. ಒಟ್ಟು ಅಂಕಿ 14.5ರ ಕೆಳಗೆ ಇಳಿಯುವುದೇ ಇಲ್ಲ.

## ಹಂತ 4: ಪ್ರೀಆಂಪ್ ಆರಿಸಿ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಗೇನ್. ಚಿಕ್ಕ ಅಕ್ಷರದಲ್ಲಿ, ಇದ್ದರೆ, ನಾಯ್ಸ್ ಫಿಗರ್. ಮೊದಲು ಓದಬೇಕಾದ್ದು ಚಿಕ್ಕದು. 1ರಿಂದ 3 ಡೆಸಿಬಲ್ ಒಳಗಿದ್ದರೆ ಒಳ್ಳೆಯದು. ನಾಯ್ಸ್ ಫಿಗರ್ ಬರೆಯದೇ ಬರೀ ಗೇನ್ ಕೊಚ್ಚಿಕೊಂಡಿದ್ದರೆ ನಾನಂತೂ ಮುಟ್ಟುವುದಿಲ್ಲ.

ಗೇನ್ ಎಷ್ಟು? ಹಂತ 3ರಲ್ಲಿ ಸಿಕ್ಕ ದಾರಿಯ ನಷ್ಟಕ್ಕೆ (ಟ್ಯೂನರ್‌ನ 6 ಬಿಟ್ಟು) ಐದರಿಂದ ಹತ್ತು ಡೆಸಿಬಲ್ ಸೇರಿಸಿ. ಮೇಲಿನ ಉದಾಹರಣೆಯಲ್ಲಿ ನಷ್ಟ 12.5, ಆದ್ದರಿಂದ 20ರ ಆಸುಪಾಸು ಸಾಕು. ಒಂದೇ ಟಿವಿ, 10 ಮೀಟರ್ ಕೇಬಲ್ ಆದರೆ 10ರಿಂದ 15 ಧಾರಾಳ. 35, 40 ಡೆಸಿಬಲ್‌ನವು ನೋಡಲು ಆಸೆ ಹುಟ್ಟಿಸುತ್ತವೆ. ಹತ್ತಿರದಲ್ಲಿ ಒಂದು ಬಲವಾದ ಟವರ್ ಇದ್ದರೆ ಸಾಕು, ಅವು ಟ್ಯೂನರನ್ನು ಮುಳುಗಿಸಿಬಿಡುತ್ತವೆ. ಜಾಸ್ತಿ ಗೇನ್ ಅಂದರೆ ಜಾಸ್ತಿ ಚಾನೆಲ್ ಅಲ್ಲ.

ಬ್ಯಾಂಡ್ ನೋಡಿ. ನಿಮ್ಮಲ್ಲಿ ಟಿವಿ ಯುಎಚ್‌ಎಫ್‌ನಲ್ಲಿ (ಟಿವಿಯ ಹೆಚ್ಚು ಮೆಗಾಹರ್ಟ್ಸ್‌ನ ಬ್ಯಾಂಡ್; ಕಡಿಮೆಯದ್ದು ವಿಎಚ್‌ಎಫ್) ಮಾತ್ರ ಬರುತ್ತಿದ್ದರೆ ಯುಎಚ್‌ಎಫ್ ಮಾತ್ರ ಎತ್ತುವ ಪ್ರೀಆಂಪ್ ಸಾಕು, ಅದೇ ಮೇಲು ಕೂಡ. ಬೇಡದ್ದನ್ನು ಎತ್ತದಿದ್ದರೆ ತಂಟೆ ಕಡಿಮೆ. ಎಫ್‌ಎಂ ತಡೆಯುವ ಫಿಲ್ಟರ್, ಮೊಬೈಲ್ ಸಿಗ್ನಲ್ ತಡೆಯುವ ಫಿಲ್ಟರ್ ಒಳಗೇ ಇದ್ದರೆ ಇನ್ನೂ ಚೆನ್ನ. 4ಜಿ ಮೊಬೈಲ್ ಟವರ್‌ಗಳು 700, 800 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತವೆ, ಟಿವಿ ಬ್ಯಾಂಡಿನ ಪಕ್ಕದಲ್ಲೇ. ಎಫ್‌ಎಂ ರೇಡಿಯೋಗಾಗಿ ಕೊಳ್ಳುವವರು ಮಾತ್ರ ಹುಷಾರು: ಎಫ್‌ಎಂ ಫಿಲ್ಟರ್ ಒಳಗಿದ್ದರೆ ನಿಮಗೆ ಬೇಕಾದದ್ದನ್ನೇ ಅದು ತಿಂದುಹಾಕುತ್ತದೆ.

ಕೊನೆಯದು ವೋಲ್ಟೇಜ್. ಕೆಲವು ಪ್ರೀಆಂಪ್‌ಗಳಿಗೆ 5 ವೋಲ್ಟ್, ಕೆಲವಕ್ಕೆ 12, ಇನ್ನು ಕೆಲವಕ್ಕೆ 24. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಮನೆಯಲ್ಲಿ ಬಿದ್ದಿದ್ದ ಯಾವುದೋ ಅಡಾಪ್ಟರ್ ಚುಚ್ಚಿ ಪ್ರೀಆಂಪ್ ಸುಟ್ಟುಕೊಂಡವರು ಬೇಕಾದಷ್ಟಿದ್ದಾರೆ.

## ಹಂತ 5: ಕನೆಕ್ಟರ್ ಕೂರಿಸಿ

ನಾನು ಒಮ್ಮೆ ಎರಡು ದಿನ ಒದ್ದಾಡಿದ್ದು ಇಲ್ಲೇ. ಪ್ರೀಆಂಪ್ ಹೊಸದು, ಕೇಬಲ್ ಹೊಸದು, ಚಾನೆಲ್ ಮಾತ್ರ ಒಂದೂ ಇಲ್ಲ. ಅಡಾಪ್ಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಕೊನೆಗೆ ಕನೆಕ್ಟರ್ ಕತ್ತರಿಸಿ ಬಿಡಿಸಿ ನೋಡಿದರೆ, ಹೊರಗಿನ ಜಾಲರಿಯ ಕೂದಲೆಳೆಯಷ್ಟು ಸಣ್ಣ ಒಂದು ತಂತಿ ಒಳಗಿನ ತಂತಿಗೆ ತಾಗಿಕೊಂಡಿತ್ತು. ಸಿಗ್ನಲ್ ಹೋಗುವ ಕೇಬಲ್‌ನಲ್ಲೇ ಪ್ರೀಆಂಪಿಗೆ ಕರೆಂಟ್ ಕೂಡ ಹೋಗುತ್ತದೆ. ಆ ಒಂದು ಎಳೆ ಅದನ್ನು ಶಾರ್ಟ್ ಮಾಡಿತ್ತು.

ಆದ್ದರಿಂದ ಹೀಗೆ ಮಾಡಿ. ಕೇಬಲ್ ತುದಿಯಿಂದ ಸುಮಾರು 6 ಮಿಲಿಮೀಟರ್ ಒಳತಂತಿ ಬರಿದಾಗಿರಲಿ, ಅದರ ಹಿಂದಿನ 6 ಮಿಲಿಮೀಟರ್ ಬಿಳಿಯ ನೊರೆಪದರ ಕಾಣಲಿ. ಜಾಲರಿಯನ್ನು ಪೂರ್ತಿ ಹಿಂದಕ್ಕೆ, ಹೊರಗಿನ ಕಪ್ಪು ಸಿಪ್ಪೆಯ ಮೇಲೆ ಮಡಚಿ. ಬಿಳಿ ಪದರದ ಮುಖವನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಒಂದು ಎಳೆಯೂ ಮುಂದಕ್ಕೆ ಚಾಚಿರಬಾರದು. ಕನೆಕ್ಟರನ್ನು ತಿರುಗಿಸುತ್ತಾ ಒಳಗೆ ತಳ್ಳಿ, ಬಿಳಿ ಪದರ ಕನೆಕ್ಟರ್‌ನ ಒಳತಳಕ್ಕೆ ಸಮ ಬರುವ ತನಕ. ಆಮೇಲೆ ಒತ್ತಿ. ಬ್ಲೇಡಿನಿಂದ ಸುಲಿಯುವುದಾದರೆ ಒಳತಂತಿಗೆ ಗೀರು ಬೀಳದಂತೆ ನೋಡಿಕೊಳ್ಳಿ.

ಎರಡು ತುದಿಯೂ ಆದ ಮೇಲೆ, ಏನನ್ನೂ ಜೋಡಿಸದೆ ಮಲ್ಟಿಮೀಟರ್ ಹಿಡಿಯಿರಿ. ಒಳತಂತಿಗೂ ಹೊರ ಲೋಹಕ್ಕೂ ಮಧ್ಯೆ ಸಂಪರ್ಕ ತೋರಿಸಬಾರದು. "ಬೀಪ್" ಅಂದರೆ ಕತ್ತರಿಸಿ ಮತ್ತೆ ಮಾಡಿ. ಮಲ್ಟಿಮೀಟರ್ ಜೊತೆ ವಾದ ಬೇಡ.

ಹಳೆಯ ಚಪ್ಪಟೆ ಜೋಡಿ ತಂತಿಯ ಆಂಟೆನಾ ಇದ್ದರೆ ಅದು 300 ಓಮ್‌ನದ್ದು. ಅದಕ್ಕೂ 75 ಓಮ್ ಕೇಬಲ್‌ಗೂ ಮಧ್ಯೆ ಬಾಲನ್ ಅನ್ನುವ ಪುಟ್ಟ ಹೊಂದಿಕೆ ತುಂಡು ಬೇಕು.

## ಹಂತ 6: ನೆಲದ ಮೇಲೆ ಜೋಡಿಸಿ ನೋಡಿ, ಆಮೇಲೆ ಮೇಲೇರಿ

ಏಣಿ ಹತ್ತುವ ಮುಂಚೆ ಎಲ್ಲವನ್ನೂ ಕೋಣೆಯಲ್ಲೇ ಜೋಡಿಸಿ. ಕ್ರಮ ಇದು: ಆಂಟೆನಾ, ಗಿಡ್ಡ ಕೇಬಲ್, ಪ್ರೀಆಂಪ್, ಉದ್ದ ಕೇಬಲ್, ಪವರ್ ಇನ್ಸರ್ಟರ್ (ಅಡಾಪ್ಟರ್‌ನ ಕರೆಂಟನ್ನು ಕೇಬಲ್ಲಿಗೆ ಸೇರಿಸುವ ಡಬ್ಬಿ), ಆಮೇಲೆ ಸ್ಪ್ಲಿಟರ್, ಆಮೇಲೆ ಟಿವಿ.

ಸ್ಪ್ಲಿಟರ್‌ನ ಜಾಗ ಗಮನಿಸಿ. ಇನ್ಸರ್ಟರ್‌ಗೂ ಪ್ರೀಆಂಪಿಗೂ ಮಧ್ಯೆ ಸ್ಪ್ಲಿಟರ್ ಬಂದರೆ ಬಹಳ ಸಲ ಕರೆಂಟ್ ಅಲ್ಲೇ ನಿಲ್ಲುತ್ತದೆ. ಅಲ್ಲೇ ಇಡಲೇಬೇಕಾದ ಪರಿಸ್ಥಿತಿ ಇದ್ದರೆ, ಕರೆಂಟ್ ದಾಟಿಸುವ ಗುರುತಿರುವ ಸ್ಪ್ಲಿಟರ್ ತಂದು, ಆ ಗುರುತಿನ ಕಿಂಡಿಗೇ ಇನ್ಸರ್ಟರ್ ಕಡೆಯ ಕೇಬಲ್ ಹಾಕಿ.

ಈಗ ವೋಲ್ಟೇಜ್ ಅಳೆಯಿರಿ. ಉದ್ದ ಕೇಬಲ್‌ನ ಪ್ರೀಆಂಪ್ ಕಡೆಯ ತುದಿ ಬಿಚ್ಚಿ, ಒಳತಂತಿಗೂ ಹೊರ ಲೋಹಕ್ಕೂ ಮಧ್ಯೆ ನೋಡಿ. ಅಡಾಪ್ಟರ್‌ನ ಮೇಲೆ ಬರೆದಷ್ಟು, ಅಥವಾ ಅದರ ಹತ್ತಿರ ಬರಬೇಕು. ಇನ್ಸರ್ಟರ್‌ನ ಟಿವಿ ಕಡೆ ಸೊನ್ನೆ ಇರಬೇಕು. ಎರಡು ಅದಲು ಬದಲಾಗಿದ್ದರೆ ಇನ್ಸರ್ಟರ್ ಉಲ್ಟಾ ಹಾಕಿದ್ದೀರಿ. ಕರೆಂಟ್ ಟಿವಿಗೆ ಹೋಗುತ್ತಿದೆ, ಬೇಗ ತೆಗೆಯಿರಿ.

ಪ್ರೀಆಂಪ್‌ನ ಎರಡು ಕಿಂಡಿಗಳೂ ನೋಡಲು ಒಂದೇ ಥರ ಇರುತ್ತವೆ. ಕೆತ್ತಿದ ಅಕ್ಷರ ಓದಲು ಟಾರ್ಚ್ ಬೇಕಾದೀತು. ಮೇಲೆ ಗಾಳಿಯಲ್ಲಿ ನಿಂತು ಓದುವ ಬದಲು ಇಲ್ಲೇ ಬಣ್ಣದ ಟೇಪಿನಲ್ಲಿ ಗುರುತು ಮಾಡಿಕೊಳ್ಳಿ.

## ಹಂತ 7: ಮೇಲೆ ಕಟ್ಟಿ, ನೀರಿನಿಂದ ಕಾಪಾಡಿ

ವಿದ್ಯುತ್ ತಂತಿ ಹತ್ತಿರ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಲೋಹದ ಕಂಬ ಬಿದ್ದರೆ ಎಷ್ಟು ದೂರ ತಲುಪುತ್ತದೋ, ಅದಕ್ಕಿಂತ ಆಚೆಗಿರಬೇಕು ತಂತಿ. ಮೋಡ ಕವಿದಿದ್ದರೆ, ದೂರದಲ್ಲಿ ಗುಡುಗು ಕೇಳಿಸಿದರೂ, ಕೆಳಗಿಳಿಯಿರಿ. ಒಬ್ಬರೇ ಹತ್ತಬೇಡಿ. ಕೆಲಸ ಮುಗಿಯುವ ತನಕ ಅಡಾಪ್ಟರ್ ಕಿತ್ತಿಟ್ಟಿರಲಿ.

ಆಂಟೆನಾದಿಂದ ಪ್ರೀಆಂಪಿಗೆ ಹೋಗುವ ಕೇಬಲ್ ಆದಷ್ಟು ಗಿಡ್ಡವಾಗಿರಲಿ, ಒಂದು ಮೀಟರ್ ಒಳಗೆ. ಈ ತುಂಡಿನಲ್ಲಿ ಹೋದ ಪ್ರತಿ ಡೆಸಿಬಲ್ಲೂ ನೇರ ನಷ್ಟ, ಆಮೇಲೆ ಮರಳುವುದಿಲ್ಲ. ಹಾಗಂತ ಪ್ರೀಆಂಪನ್ನು ಆಂಟೆನಾದ ಕಡ್ಡಿಗಳ ಮಧ್ಯೆಯೇ ತುರುಕಬೇಡಿ. ಅದರ ಹಿಂದೆ ಅಥವಾ ಕೆಳಗೆ, ಕಂಬಕ್ಕೆ ಕಟ್ಟಿ.

ಪ್ರೀಆಂಪ್‌ನ ಕಿಂಡಿಗಳು ನೆಲ ನೋಡುತ್ತಿರಬೇಕು. ಕೇಬಲ್ ಕಿಂಡಿಗೆ ಸೇರುವ ಮುಂಚೆ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರುವಂತೆ ಒಂದು ಬಾಗು ಕೊಡಿ. ಮಳೆನೀರು ಕೇಬಲ್ ಗುಂಟ ಹರಿದು ಬಂದು ಆ ಬಾಗಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಕನೆಕ್ಟರ್ ಒಳಗೆ ಹೋಗುವುದಿಲ್ಲ. ಕನೆಕ್ಟರ್‌ಗೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಎಳೆದು ಸುತ್ತಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬಳಿಯಬೇಡಿ. ಅದರಿಂದ ಹೊರಡುವ ಆಮ್ಲ ಲೋಹವನ್ನು ತಿನ್ನುತ್ತದೆ.

ಕೇಬಲ್ ಕಟ್ಟಡದೊಳಗೆ ಹೋಗುವ ಜಾಗದಲ್ಲಿ ಗ್ರೌಂಡಿಂಗ್ ಬ್ಲಾಕ್ ಹಾಕಿ, ಅಲ್ಲಿಂದ ಮತ್ತು ಕಂಬದಿಂದ ದಪ್ಪ ತಾಮ್ರದ ತಂತಿಯನ್ನು ಕಟ್ಟಡದ ಅರ್ಥಿಂಗ್‌ಗೆ ಸೇರಿಸಿ. ಗೊತ್ತಿಲ್ಲದಿದ್ದರೆ ಇದೊಂದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ನೇರ ಸಿಡಿಲಿಗೆ ಇದು ಪೂರ್ತಿ ರಕ್ಷಣೆ ಅಲ್ಲ. ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರ್, ಟಿವಿ ಎರಡನ್ನೂ ಕಿತ್ತಿಡುವುದು ಒಳ್ಳೆಯ ಅಭ್ಯಾಸ.

## ಹಂತ 8: ಹೊಸದಾಗಿ ಸ್ಕ್ಯಾನ್ ಮಾಡಿ, ಓವರ್‌ಲೋಡ್ ಇದೆಯಾ ನೋಡಿ

ಮೊದಲು ಎಲ್ಲ ಜೋಡಣೆ, ಕೊನೆಗೆ ಅಡಾಪ್ಟರ್. ಟಿವಿಯಲ್ಲಿ ಪೂರ್ತಿ ಸ್ಕ್ಯಾನ್ ಮಾಡಿ. ಹಳೆಯ ಪಟ್ಟಿಯಲ್ಲೇ ಹೊಸ ಚಾನೆಲ್ ಬರಲಿಲ್ಲ ಅಂತ ಗೊಣಗುವವರು ಸ್ಕ್ಯಾನ್ ಮಾಡಿಯೇ ಇರುವುದಿಲ್ಲ.

ಓವರ್‌ಲೋಡ್ ಅಂದರೆ ಟ್ಯೂನರ್ ಅಥವಾ ಪ್ರೀಆಂಪ್ ತಾಳಲಾರದಷ್ಟು ಸಿಗ್ನಲ್ ಬರುವುದು. ಅದರ ಲಕ್ಷಣಗಳು ಹೀಗಿರುತ್ತವೆ. ಬಲದ ಪಟ್ಟಿ ತುದಿ ಮುಟ್ಟಿದೆ, ಗುಣಮಟ್ಟ ಬಿದ್ದಿದೆ. ಮೊದಲು ಚೆನ್ನಾಗಿ ಬರುತ್ತಿದ್ದ ಚಾನೆಲ್ ಈಗ ಒಡೆಯುತ್ತಿದೆ. ಎಫ್‌ಎಂನಲ್ಲಾದರೆ ಒಂದೇ ಸ್ಟೇಷನ್ ನಾಲ್ಕು ಕಡೆ ಕೇಳಿಸುತ್ತಿದೆ, ಅಥವಾ ಎರಡು ಸ್ಟೇಷನ್ ಕಲಸಿಕೊಂಡಿವೆ. ಹತ್ತಿರದ ಎಫ್‌ಎಂ ಟವರ್ ಟಿವಿಯನ್ನೂ ಕೆಡಿಸಬಲ್ಲದು. 88ರಿಂದ 108 ಮೆಗಾಹರ್ಟ್ಸ್‌ನ ಎರಡರಷ್ಟು ಅಂದರೆ 176ರಿಂದ 216. ವಿಎಚ್‌ಎಫ್ ಟಿವಿಯ ಮೇಲಿನ ಬ್ಯಾಂಡ್ ಇರುವುದೇ ಅಲ್ಲಿ. ಪ್ರೀಆಂಪ್ ಓವರ್‌ಲೋಡ್ ಆದರೆ ಆ ದುಪ್ಪಟ್ಟು ಅಲೆ ಅದರೊಳಗೇ ಹುಟ್ಟುತ್ತದೆ.

ಈಗ ಅಟೆನ್ಯುಯೇಟರ್ ತೆಗೆಯಿರಿ. ಮೊದಲು ಇನ್ಸರ್ಟರ್‌ಗೂ ಟಿವಿಗೂ ಮಧ್ಯೆ 6 ಅಥವಾ 10 ಡೆಸಿಬಲ್‌ನದ್ದು ಹಾಕಿ. ಗುಣಮಟ್ಟ ಏರಿತಾ? ಹಾಗಿದ್ದರೆ ಮುಳುಗುತ್ತಿದ್ದದ್ದು ಟ್ಯೂನರ್. ಅಟೆನ್ಯುಯೇಟರನ್ನು ಅಲ್ಲೇ ಬಿಡಿ, ಕೆಲಸ ಮುಗಿಯಿತು. ಏರದಿದ್ದರೆ ಅದನ್ನು ಆಂಟೆನಾಕ್ಕೂ ಪ್ರೀಆಂಪಿಗೂ ಮಧ್ಯೆ ಹಾಕಿ ನೋಡಿ. ಈಗ ಏರಿದರೆ ಮುಳುಗುತ್ತಿರುವುದು ಪ್ರೀಆಂಪೇ. ಅಲ್ಲಿ ಅಟೆನ್ಯುಯೇಟರ್ ಶಾಶ್ವತ ಪರಿಹಾರವಲ್ಲ, ಬೇಕಾದ ಸಿಗ್ನಲ್ಲೂ ತಗ್ಗುತ್ತದೆ. ತೊಂದರೆ ಕೊಡುವ ಬ್ಯಾಂಡ್ ತಡೆಯುವ ಫಿಲ್ಟರನ್ನು ಪ್ರೀಆಂಪಿಗೆ ಮುಂಚೆ ಹಾಕಿ, ಇಲ್ಲವೇ ಕಡಿಮೆ ಗೇನ್‌ನದ್ದು ತನ್ನಿ.

ಇನ್ಸರ್ಟರ್‌ಗೂ ಪ್ರೀಆಂಪಿಗೂ ಮಧ್ಯೆ ಮಾತ್ರ ಅಟೆನ್ಯುಯೇಟರ್ ಹಾಕಬೇಡಿ. ಕರೆಂಟ್ ಹೋಗುವ ದಾರಿ ಅದು.

ಇನ್ನೊಂದು ಅಪರೂಪದ ತೊಂದರೆ ಇದೆ. ಕೇಬಲ್ ಮುಟ್ಟಿದರೆ, ಸರಿಸಿದರೆ ಎಲ್ಲ ಚಾನೆಲ್ ಒಟ್ಟಿಗೆ ಬರುವುದು, ಹೋಗುವುದು ಮಾಡುತ್ತಿದ್ದರೆ ಪ್ರೀಆಂಪ್‌ನಿಂದ ಹೊರಬಂದ ಸಿಗ್ನಲ್ ಸೋರಿ ಮತ್ತೆ ಅದರ ಬಾಯಿಗೇ ಹೋಗುತ್ತಿರಬಹುದು, ಮೈಕ್ ಕೀಚುವ ಹಾಗೆ. ಸಡಿಲ ಕನೆಕ್ಟರ್ ಬಿಗಿಮಾಡಿ, ಒಳಹೋಗುವ ಕೇಬಲ್ಲನ್ನೂ ಹೊರಬರುವ ಕೇಬಲ್ಲನ್ನೂ ಒಟ್ಟಿಗೆ ಕಟ್ಟಬೇಡಿ.

## ರೇಡಿಯೋ ಕೇಳುವವರಿಗೆ ಬೇರೆ ಮಾತು

ಎಫ್‌ಎಂಗೆ ಮೇಲಿನದ್ದೆಲ್ಲ ಅನ್ವಯಿಸುತ್ತದೆ. ಆದರೆ ಪ್ರೀಆಂಪಿಗೆ ಮುಂಚೆ ಒಂದು ಸಾದಾ ಡೈಪೋಲ್, ಅಂದರೆ ಎರಡು ಕೈಯ ತಂತಿ ಆಂಟೆನಾ, ಮಾಡಿ ನೋಡಿ. 100 ಮೆಗಾಹರ್ಟ್ಸ್‌ಗೆ ಒಟ್ಟು ಉದ್ದ 1.43 ಮೀಟರ್, ಅಂದರೆ ಒಂದೊಂದು ಕೈ ಸುಮಾರು 71 ಸೆಂಟಿಮೀಟರ್. ನಡುವೆ ಕತ್ತರಿಸಿ, ಒಂದು ಕೈಗೆ ಕೇಬಲ್‌ನ ಒಳತಂತಿ, ಇನ್ನೊಂದಕ್ಕೆ ಜಾಲರಿ. 75 ಓಮ್ ಕೇಬಲ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ಕಿಟಕಿಯಿಂದಾಚೆ ಎತ್ತರದಲ್ಲಿ ಕಟ್ಟಿದ ಡೈಪೋಲ್, ಕೋಣೆಯ ಮೂಲೆಯಲ್ಲಿ ಬೂಸ್ಟರ್ ಹಾಕಿದ ಕಡ್ಡಿ ಆಂಟೆನಾವನ್ನು ಸುಲಭವಾಗಿ ಸೋಲಿಸುತ್ತದೆ.

ಮಧ್ಯಮ ತರಂಗ, ಕಿರು ತರಂಗದ ಕತೆಯೇ ಬೇರೆ. ಸುಮಾರು 30 ಮೆಗಾಹರ್ಟ್ಸ್‌ಗಿಂತ ಕೆಳಗೆ ರಿಸೀವರ್‌ನ ಒಳಗದ್ದಲಕ್ಕಿಂತ ಆಕಾಶದ ಗದ್ದಲ, ಮನೆಯೊಳಗಿನ ಸಾಮಾನಿನ ಗದ್ದಲವೇ ಜಾಸ್ತಿ. ಪ್ರೀಆಂಪ್ ಹಾಕಿದರೆ "ಗೊರ್" ಸದ್ದು ದೊಡ್ಡದಾಗುತ್ತದೆ, ಅಷ್ಟೇ. ಟಿವಿಯ ಪ್ರೀಆಂಪ್ ಅಂತೂ ಈ ಬ್ಯಾಂಡಿಗೆ ಮಾಡಿದ್ದೇ ಅಲ್ಲ.

ಬದಲಿಗೆ ಹೀಗೆ ಮಾಡಿ. ರೇಡಿಯೋಗೆ ಬ್ಯಾಟರಿ ಹಾಕಿ, ಬರದ ಸ್ಟೇಷನ್‌ಗೆ ಹಚ್ಚಿ, ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆಫ್ ಮಾಡಿ. ಗದ್ದಲ ತಟ್ಟನೆ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸಾಮಾನು ಆನ್ ಮಾಡುತ್ತಾ ಹೋಗಿ. ಬಹಳ ಸಲ ಸಿಕ್ಕಿಬೀಳುವುದು ಅಗ್ಗದ ಚಾರ್ಜರ್, ಇಲ್ಲವೇ ಎಲ್‌ಇಡಿ ಬಲ್ಬು. ಮಧ್ಯಮ ತರಂಗದ ಆಂಟೆನಾ ರೇಡಿಯೋದ ಒಳಗಿನ ಫೆರೈಟ್ ಕಡ್ಡಿ. ಅದಕ್ಕೆ ದಿಕ್ಕು ಗೊತ್ತಾಗುತ್ತದೆ, ರೇಡಿಯೋವನ್ನೇ ನಿಧಾನ ತಿರುಗಿಸಿ ನೋಡಿ. ಇನ್ನೂ ಬೇಕಾದರೆ ಟ್ಯೂನ್ ಮಾಡಬಲ್ಲ ಲೂಪ್ ಆಂಟೆನಾವನ್ನು ರೇಡಿಯೋ ಪಕ್ಕ ಇಡಿ. ತಂತಿ ಜೋಡಿಸುವುದೂ ಬೇಡ, ಹತ್ತಿರ ಇದ್ದರೆ ಸಾಕು.

## ಚೆನ್ನಾಗಿದ್ದದ್ದು ಇದ್ದಕ್ಕಿದ್ದಂತೆ ಕೆಟ್ಟರೆ

ಎಲ್ಲ ಚಾನೆಲ್ ಒಂದೇ ಸಲ ಹೋದರೆ ಮೊದಲು ಅಡಾಪ್ಟರ್ ಮುಟ್ಟಿ. ಪೂರ್ತಿ ತಣ್ಣಗಿದ್ದರೆ ಅದು ಸತ್ತಿರಬಹುದು, ಅಥವಾ ಯಾರೋ ಮೊಬೈಲ್ ಚಾರ್ಜ್ ಮಾಡಲು ಕಿತ್ತಿರಬಹುದು (ನಗಬೇಡಿ, ನಮ್ಮಲ್ಲಿ ಆಗುವುದು ಇದೇ). ವಿಪರೀತ ಬಿಸಿಯಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಉಗುರು ಬೆಚ್ಚಗಿದ್ದರೆ ಸಾಮಾನ್ಯವಾಗಿ ಸರಿ.

ಕರೆಂಟ್ ಇಲ್ಲದ ಪ್ರೀಆಂಪ್ ಸಾಮಾನ್ಯವಾಗಿ ಸಿಗ್ನಲ್ಲನ್ನು ದಾಟಲು ಬಿಡುವುದಿಲ್ಲ, ಬಾಗಿಲು ಹಾಕಿದ ಹಾಗೆ. ಆದ್ದರಿಂದ ಪ್ರೀಆಂಪ್ ಕೆಟ್ಟಿದೆಯಾ ಅಂತ ನೋಡಲು ಬರೀ ಅಡಾಪ್ಟರ್ ಕಿತ್ತರೆ ಸಾಲದು. ಪ್ರೀಆಂಪನ್ನೇ ಬಿಚ್ಚಿ ಎರಡೂ ಕೇಬಲ್ ನೇರ ಸೇರಿಸಬೇಕು. ಆಗ ಇನ್ಸರ್ಟರನ್ನೂ ತೆಗೆಯಲು ಮರೆಯಬೇಡಿ. ಎಷ್ಟೋ ಆಂಟೆನಾಗಳ ಒಳಗೆ ಎರಡು ತುದಿಯೂ ಲೋಹದಿಂದ ಸೇರಿರುತ್ತವೆ, ಅಡಾಪ್ಟರ್ ಶಾರ್ಟ್ ಆಗುತ್ತದೆ.

ಮಳೆ ಬಂದಾಗ ಮಾತ್ರ ಕೆಟ್ಟು, ಬಿಸಿಲಿಗೆ ಸರಿಹೋದರೆ ಕನೆಕ್ಟರ್ ಒಳಗೆ ನೀರು ಸೇರಿದೆ. ಟೇಪು ಬಿಚ್ಚಿ ಒಳತಂತಿ ನೋಡಿ. ಹಸಿರು ಅಥವಾ ಕಪ್ಪು ಬಣ್ಣ ಹಿಡಿದಿದ್ದರೆ ಒರೆಸಿ ಮತ್ತೆ ಹಾಕುವುದು ಬೇಡ. ನೀರು ಜಾಲರಿಯ ಗುಂಟ ಎಷ್ಟೋ ದೂರ ಒಳಗೆ ಹೋಗಿರುತ್ತದೆ. ಹೊಳೆಯುವ ತಾಮ್ರ ಕಾಣುವ ತನಕ ಕೇಬಲ್ ಕತ್ತರಿಸುತ್ತಾ ಬನ್ನಿ, ಅಲ್ಲಿ ಹೊಸ ಕನೆಕ್ಟರ್ ಹಾಕಿ. ಉದ್ದ ಸಾಲದೆ ಹೋದರೆ ಮಧ್ಯೆ ತೇಪೆ ಹಾಕಬೇಡಿ, ಕೇಬಲ್ಲನ್ನೇ ಬದಲಿಸಿ.